ಹಳೆಯ ಆವೃತ್ತಿ, ಹೊಸ ಆವೃತ್ತಿ: ಪಂಚಾಯಿತಿ ಕಡತಗಳು ಓದಲು ಬರುವಂತೆ ಉಳಿಯಬೇಕಾದರೆ

(ಅತ್ತಿಗುಂಡಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿ ಕಚೇರಿಗೆ ಹೊಸ ಗಣಕಯಂತ್ರ ಬರುವ ದಿನ ಸಂತೋಷದ ದಿನವೇ ಸರಿ. ಆದರೆ ಅದೇ ದಿನ ಹಳೆಯ ಯಂತ್ರ ಮೂಲೆ ಸೇರುತ್ತದೆ. ಅದರಲ್ಲಿದ್ದ ಹಳೆಯ ತಂತ್ರಾಂಶವೂ ಅದರೊಡನೆ ಕಣ್ಮರೆಯಾಗುತ್ತದೆ. ಹತ್ತು ಹದಿನೈದು ವರ್ಷಗಳ ಸಭಾ ನಡಾವಳಿ, ಪತ್ರವ್ಯವಹಾರ, ನಿವೇಶನರಹಿತರ ಪಟ್ಟಿ, ಕ್ರಿಯಾಯೋಜನೆಗಳು ಆ ತಂತ್ರಾಂಶದಲ್ಲಿ ಮಾತ್ರ ಸರಿಯಾಗಿ ಕಾಣುವಂಥವು ಎಂಬುದು ಯಾರಿಗಾದರೂ ಒಂದು ದೃಢೀಕರಣ ಬೇಕಾದಾಗಲಷ್ಟೇ ತಿಳಿದುಬರುತ್ತದೆ.

ಒಂದು ಉದಾಹರಣೆಯನ್ನು ಊಹಿಸಬಹುದು. ಕಾಫಿ ತೋಟದ ಲೈನ್ ಮನೆಯಲ್ಲಿ ವಾಸವಿರುವ ಕೂಲಿ ಕುಟುಂಬವೊಂದು ನಿವೇಶನಕ್ಕಾಗಿ ಅರ್ಜಿ ಸಲ್ಲಿಸಿದೆ. ಹಿಂದಿನ ಗ್ರಾಮಸಭೆಯೊಂದರಲ್ಲಿಯೇ ತಮ್ಮ ಹೆಸರು ಪಟ್ಟಿಯಲ್ಲಿ ಸೇರಿತ್ತೆಂದು ಮನೆಯ ಹಿರಿಯರು ಹೇಳುತ್ತಾರೆ. ಕಾಗದದ ಪುಸ್ತಕವು ಮಲೆನಾಡಿನ ಮಳೆಗಾಲದ ತೇವಕ್ಕೆ ಅಂಟಿಕೊಂಡು ಹಾಳಾಗಿದೆ. ಗಣಕಯಂತ್ರದಲ್ಲಿ ಕಡತವಿದೆ, ಆದರೆ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿ ನಿಲ್ಲುತ್ತವೆ. ದಾಖಲೆ ಇದೆ, ಓದಲು ಬರುವುದಿಲ್ಲ. ಆ ಕುಟುಂಬದ ಪಾಲಿಗೆ ಇದೂ ದಾಖಲೆ ಇಲ್ಲದಿರುವುದೂ ಒಂದೇ.

ಹೀಗಾಗುವುದಕ್ಕೆ ಕಾರಣಗಳು ಎರಡು. ಮೊದಲನೆಯದು ಅಕ್ಷರದ್ದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವು ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಕನ್ನಡದ ಬಳಕೆಗೆ ಮಹತ್ತರ ನೆರವು ನೀಡಿತು. ಅದರ ಹಳೆಯ ಆವೃತ್ತಿಗಳ ಫಾಂಟ್‌ಗಳಲ್ಲಿ ಟೈಪ್ ಮಾಡಿದಾಗ ಕಡತದಲ್ಲಿ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದುದು ಆ ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ರೂಪ ಕಳಚಿ ಸಂಕೇತ ಮಾತ್ರ ಕಾಣುತ್ತದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಹಾಗಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕವಾಗಿ 128 ಸ್ಥಾನಗಳನ್ನು ಮೀಸಲಿಡಲಾಗಿದ್ದು, ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಯೂನಿಕೋಡ್‌ನಲ್ಲಿ ಬರೆದ ಕಡತವನ್ನು ಇಂದಿನ ಯಾವ ಯಂತ್ರದಲ್ಲಿ, ಮೊಬೈಲಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಹೆಸರನ್ನು ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು.

ಎರಡನೆಯ ಕಾರಣ ಕಡತದ ಮಾದರಿಯದು. ಮೈಕ್ರೋಸಾಫ್ಟ್ ಆಫೀಸ್‌ನ 2003ರವರೆಗಿನ ಆವೃತ್ತಿಗಳು ‘ಡಾಕ್’ ಹಾಗೂ ‘ಎಕ್ಸ್‌ಎಲ್‌ಎಸ್’ ಮಾದರಿಯಲ್ಲಿ ಕಡತಗಳನ್ನು ಉಳಿಸುತ್ತಿದ್ದವು. 2007ರ ಆವೃತ್ತಿಯಿಂದ ‘ಡಾಕ್ಸ್’ ಹಾಗೂ ‘ಎಕ್ಸ್‌ಎಲ್‌ಎಸ್‌ಎಕ್ಸ್’ ಮಾದರಿ ಬಂದಿತು. ಹೊಸ ಆವೃತ್ತಿ ಹಳೆಯ ಕಡತವನ್ನು ತೆರೆಯುತ್ತದೆಯಾದರೂ ಕೋಷ್ಟಕ, ಪುಟವಿನ್ಯಾಸಗಳು ಕೆಲವೊಮ್ಮೆ ಸ್ಥಾನಪಲ್ಲಟವಾಗುತ್ತವೆ. ಹೊಸ ಕಡತವನ್ನು ಹಳೆಯ ಮಾದರಿಗೆ ಇಳಿಸುವಾಗ ನಷ್ಟ ಇನ್ನೂ ಹೆಚ್ಚು. ಹಳೆಯ ಎಕ್ಸೆಲ್ ಹಾಳೆಯೊಂದರಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳವಿತ್ತು. ಹೊಸದರಲ್ಲಿ 10,48,576 ಸಾಲುಗಳಿಗೆ ಸ್ಥಳವಿದೆ. ದೊಡ್ಡ ಪಟ್ಟಿಯನ್ನು ಹಳೆಯ ಮಾದರಿಯಲ್ಲಿ ಉಳಿಸಿದರೆ ಮಿತಿ ಮೀರಿದ ಸಾಲುಗಳು ಉಳಿಯುವುದಿಲ್ಲ.

ಪಂಚತಂತ್ರ, ಇ-ಸ್ವತ್ತು ಇತ್ಯಾದಿ ವ್ಯವಸ್ಥೆಗಳಿರುವಾಗ ಈ ಚಿಂತೆ ಏಕೆ ಎಂಬ ಪ್ರಶ್ನೆ ಸಹಜವಾದುದು. ಆ ಮಾಹಿತಿ ಸರ್ವರ್‌ನಲ್ಲಿರುತ್ತದೆ. ಕಚೇರಿಯ ಯಂತ್ರ ಬದಲಾದರೂ ಅದಕ್ಕೆ ಧಕ್ಕೆಯಿಲ್ಲ. ಆದರೆ ಅವು ಬರುವುದಕ್ಕೆ ಮುಂಚಿನ ಕಡತಗಳೂ ಅವುಗಳ ವ್ಯಾಪ್ತಿಗೆ ಸೇರದ ಟಿಪ್ಪಣಿ, ಪಟ್ಟಿ, ಪತ್ರಗಳೂ ಇಂದಿಗೂ ಕಚೇರಿಯ ಯಂತ್ರದಲ್ಲಿಯೇ ಇವೆ. ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಪದೇ ಪದೇ ಕಡಿದುಹೋಗುವ ಗಿರಿಪ್ರದೇಶದ ಪಂಚಾಯಿತಿಗಳಲ್ಲಿ ಇಂಥ ಕಡತಗಳು ಇನ್ನೂ ಹೆಚ್ಚು.

ಹಾಗಾದರೆ ಮಾಡಬೇಕಾದುದೇನು? ಕಾಫಿ ಬೆಳೆಗಾರರು ಹಳೆಯ ಗಿಡಗಳನ್ನೆಲ್ಲ ಒಂದೇ ವರ್ಷ ಕಿತ್ತು ಹಾಕುವುದಿಲ್ಲ. ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕೆಂದು ತಿಳಿದಿರುವುದರಿಂದ ಭಾಗ ಭಾಗವಾಗಿ ಮರುನಾಟಿ ಮಾಡುತ್ತಾರೆ. ತಂತ್ರಾಂಶದ ವಿಷಯದಲ್ಲಿಯೂ ಇದೇ ವಿವೇಕ ಅಗತ್ಯ. ಹಳೆಯ ಕಡತಗಳೆಲ್ಲವೂ ಹೊಸದರಲ್ಲಿ ಓದಲು ಬರುತ್ತವೆಂದು ಖಚಿತವಾಗುವವರೆಗೆ ಎರಡೂ ಆವೃತ್ತಿಗಳು ಜೊತೆಯಾಗಿ ಉಳಿಯಬೇಕು.

ಒಂದೇ ಗಣಕಯಂತ್ರದಲ್ಲಿ ಎರಡು ಆವೃತ್ತಿಗಳನ್ನು ಇರಿಸಲು ಕೆಲವು ನಿಯಮಗಳಿವೆ. ಮೊದಲು ಹಳೆಯ ಆವೃತ್ತಿಯನ್ನೂ ನಂತರ ಹೊಸದನ್ನೂ ಅಳವಡಿಸಬೇಕು. ಹಳೆಯದನ್ನು ತೆಗೆದುಹಾಕಬೇಕೇ ಎಂದು ಹೊಸ ತಂತ್ರಾಂಶ ಕೇಳಿದಲ್ಲಿ, ಉಳಿಸುವ ಆಯ್ಕೆಯನ್ನೇ ಒತ್ತಬೇಕು. 32 ಬಿಟ್ ಹಾಗೂ 64 ಬಿಟ್ ಆವೃತ್ತಿಗಳನ್ನು ಬೆರೆಸಬಾರದು. ಇತ್ತೀಚಿನ ಕೆಲವು ಆವೃತ್ತಿಗಳು ಒಂದೇ ಯಂತ್ರದಲ್ಲಿ ಜೊತೆಯಾಗಿ ಇರಲಾರವು. ಆದ್ದರಿಂದ ಖರೀದಿಗೆ ಮುನ್ನವೇ ಸರಬರಾಜುದಾರರಿಂದ ಇದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ಎರಡು ಆವೃತ್ತಿಯ ವರ್ಡ್‌ಗಳನ್ನು ಬದಲಾಯಿಸಿ ತೆರೆದಾಗ ಯಂತ್ರ ಕೆಲವು ನಿಮಿಷ ಸಿದ್ಧತೆಯಲ್ಲಿ ತೊಡಗುವುದುಂಟು. ಅದನ್ನು ಕೆಟ್ಟಿತೆಂದು ಭಾವಿಸಿ ನಡುವೆ ನಿಲ್ಲಿಸಬಾರದು. ಪ್ರತಿ ಆವೃತ್ತಿಗೂ ಅಧಿಕೃತ ಪರವಾನಗಿ ಇರಲೇಬೇಕು.

ಹಣದ ಕೊರತೆಯಿರುವ ಪಂಚಾಯಿತಿಗಳಿಗೆ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಲಭ್ಯವಿದೆ. ಅದು ಮೈಕ್ರೋಸಾಫ್ಟ್ ಆಫೀಸ್‌ನೊಡನೆ ಒಂದೇ ಯಂತ್ರದಲ್ಲಿ ತೊಡಕಿಲ್ಲದೆ ಇರುತ್ತದೆ. ಹಳೆಯ, ಹೊಸ ಎರಡೂ ಮಾದರಿಯ ಕಡತಗಳನ್ನು ತೆರೆಯುತ್ತದೆ. ಆದರೆ ಹಳೆಯ ನುಡಿ ಕಡತಗಳಿಗೆ ಅಲ್ಲಿಯೂ ನುಡಿ ಫಾಂಟ್‌ಗಳು ಬೇಕೇ ಬೇಕು.

ಹಳೆಯ ಆವೃತ್ತಿಯನ್ನು ಉಳಿಸಿಕೊಳ್ಳುವುದರಲ್ಲಿ ಅಪಾಯವೂ ಇದೆ. ಆಫೀಸ್ 2010ಕ್ಕೆ ತಯಾರಕರ ಭದ್ರತಾ ಬೆಂಬಲ 2020ರ ಅಕ್ಟೋಬರ್ 13ಕ್ಕೆ ಮುಗಿಯಿತು. ಆಫೀಸ್ 2016 ಹಾಗೂ 2019ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲಕ್ಕೂ ಅದೇ ದಿನ ಕಡೆಯದಾಗಿತ್ತು. ಬೆಂಬಲವಿಲ್ಲದ ಆವೃತ್ತಿಯಲ್ಲಿ ಇಮೇಲ್ ಮೂಲಕ ಬಂದ ಕಡತವನ್ನು ತೆರೆಯುವುದು ಬೀಗವಿಲ್ಲದ ಬಾಗಿಲನ್ನು ತೆರೆದಿಟ್ಟಂತೆ. ಹಳೆಯದು ಹಳೆಯ ಕಡತಗಳನ್ನು ಓದಲು ಮಾತ್ರ ಬಳಕೆಯಾಗಬೇಕು. ಸಾಧ್ಯವಾದರೆ ಅಂತರ್ಜಾಲ ಸಂಪರ್ಕವಿಲ್ಲದ ಹಳೆಯ ಯಂತ್ರದಲ್ಲಿಯೇ ಅದನ್ನು ಉಳಿಸಬೇಕು. ದಿನನಿತ್ಯದ ಕೆಲಸವೆಲ್ಲ ಹೊಸದರಲ್ಲಿ ನಡೆಯಬೇಕು.

ಆದುದರಿಂದ ಜೊತೆಯಾಗಿರಿಸುವುದು ಶಾಶ್ವತ ಪರಿಹಾರವಲ್ಲ. ಪರಿವರ್ತನೆಗೆ ಅವಕಾಶ ದೊರಕಿಸುವ ಮಧ್ಯಂತರ ಕ್ರಮ. ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಆದರೆ ಪರಿವರ್ತನೆಯಾದ ಪ್ರತಿಯನ್ನು ಕಣ್ಣಿಟ್ಟು ಓದದೆ ಒಪ್ಪಿಕೊಳ್ಳಬಾರದು. ಅರ್ಕಾವತ್ತು ಇರುವ ಹೆಸರುಗಳು ತಪ್ಪಾಗಬಹುದು. ಕನ್ನಡದ ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬದಲಾಗಬಹುದು. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ರೀತಿಯಿದ್ದರೂ ಯೂನಿಕೋಡ್‌ನಲ್ಲಿ ಬೇರೆ ಬೇರೆ. ಸರ್ವೆ ನಂಬರಿನಲ್ಲಿ ಒಂದರ ಬದಲು ಇನ್ನೊಂದು ಸೇರಿದರೆ ಹುಡುಕಿದಾಗ ಆ ನಂಬರು ಸಿಗುವುದಿಲ್ಲ. ಸಹಿಯಾದ ಕಾಗದದ ಪ್ರತಿಯೇ ಮೂಲ ದಾಖಲೆ. ಅದು ಇರುವಲ್ಲೆಲ್ಲ ಪರಿವರ್ತಿತ ಪ್ರತಿಯನ್ನು ಅದರೊಡನೆ ತಾಳೆ ನೋಡಬೇಕು.

ಇವೆಲ್ಲ ಡೇಟಾ ಎಂಟ್ರಿ ಆಪರೇಟರ್ ನೋಡಿಕೊಳ್ಳುವ ವಿಷಯ ಎಂದು ಸದಸ್ಯರು ಸುಮ್ಮನಿರಬಾರದು. ಯಾವ ತಂತ್ರಾಂಶ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ನಿರ್ಧರಿಸಬೇಕಾದುದು ಪಂಚಾಯಿತಿಯೇ ಹೊರತು ಯಂತ್ರ ತಂದುಕೊಡುವವರಲ್ಲ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ಐದು ಅಂಶಗಳನ್ನು ಸೇರಿಸಿ ನಿರ್ಣಯ ಕೈಗೊಳ್ಳುವುದು ಸೂಕ್ತ:

1. ಹಳೆಯ ಯಂತ್ರಗಳಲ್ಲಿರುವ ಕಡತಗಳನ್ನು ವರ್ಷವಾರು ಪಟ್ಟಿ ಮಾಡುವುದು.

2. ಯಾವುದೇ ಯಂತ್ರವನ್ನು ಅಳಿಸುವ ಅಥವಾ ವಿಲೇವಾರಿ ಮಾಡುವ ಮುನ್ನ ಅದರಲ್ಲಿರುವ ಎಲ್ಲ ಕಡತಗಳನ್ನೂ ಫಾಂಟ್‌ಗಳನ್ನೂ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿ ತೇವ ತಾಗದಂತೆ ಇರಿಸುವುದು.

3. ನಡಾವಳಿ ಹಾಗೂ ಫಲಾನುಭವಿಗಳ ಪಟ್ಟಿಗಳನ್ನು ಮೊದಲ ಆದ್ಯತೆಯಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿ, ತಾಳೆ ನೋಡಿ, ಪಿಡಿಎಫ್ ಪ್ರತಿಯನ್ನೂ ಉಳಿಸುವುದು.

4. ಪರಿವರ್ತನೆ ಮುಗಿಯಿತೆಂದು ಸಭೆಯಲ್ಲಿ ದಾಖಲಾಗುವವರೆಗೆ ಹಳೆಯ ಆವೃತ್ತಿಯನ್ನು ತೆಗೆಯದಿರುವುದು.

5. ಇನ್ನು ಮುಂದೆ ಹೊಸ ಕಡತಗಳೆಲ್ಲವನ್ನೂ ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸುವುದು.

ಸದಸ್ಯರು ಇಂದೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಕಚೇರಿಗೆ ಹೋದಾಗ ಹತ್ತು ವರ್ಷಗಳ ಹಿಂದಿನ ಯಾವುದಾದರೊಂದು ಸಭೆಯ ನಡಾವಳಿಯನ್ನು ಈಗಿನ ಯಂತ್ರದಲ್ಲಿ ತೆರೆದು ತೋರಿಸುವಂತೆ ಕೇಳಬೇಕು. ಕನ್ನಡ ಸರಿಯಾಗಿ ಕಂಡರೆ ಅದು ಯೂನಿಕೋಡ್‌ನಲ್ಲಿದೆಯೇ, ಹಳೆಯ ಫಾಂಟ್‌ನ ಬಲದಿಂದ ಕಾಣುತ್ತಿದೆಯೇ ಎಂದು ವಿಚಾರಿಸಬೇಕು. ಸರಿಯಾಗಿ ಕಾಣದಿದ್ದರೆ, ಹಳೆಯ ಯಂತ್ರ ಎಲ್ಲಿದೆ ಎಂಬುದೇ ಮುಂದಿನ ಪ್ರಶ್ನೆಯಾಗಬೇಕು. ಅದು ಇನ್ನೂ ಕಚೇರಿಯಲ್ಲಿದ್ದರೆ ಕೆಲಸಕ್ಕೆ ಕಾಲ ಮಿಂಚಿಲ್ಲ.