ಚನ್ನಗಿರಿಯ ಊರಬಾಳು
(ಮಠದ ಸುವರ್ಣಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಭಕ್ತರು ನೆರೆದಿರುವ ಈ ಸಭೆಯಲ್ಲಿ, ಹಳೆಯ ಚಿಕ್ಕ ಪಟ್ಟಣಗಳ ಜನರ ಬಾಳುವೆಯನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದು ಸನ್ನಿಧಾನದ ಅಪ್ಪಣೆಯಾಗಿರುವುದು. ನಾಲ್ಕು ಊರುಗಳನ್ನೂ ವರ್ಣಿಸಹೊರಟರೆ ಹೊತ್ತು ಸಾಲದು. ಚನ್ನಗಿರಿಯೊಂದನ್ನೇ ಹಿಡಿಯುತ್ತೇನೆ, ಉಳಿದವರು ತಮ್ಮ ತಮ್ಮ ಊರನ್ನು ಇದರಲ್ಲಿಯೇ ಕಂಡುಕೊಳ್ಳಬಹುದು.

ಬೆಟ್ಟದ ಮೇಲೊಂದು ಕೋಟೆ, ಅದರ ಬುಡದಲ್ಲಿ ಊರು. ಊರಿನ ಹೆಸರು ಕೆಳದಿಯ ರಾಣಿ ಚನ್ನಮ್ಮಾಜಿಯದು. ಪತಿಯಾದ ಸೋಮಶೇಖರನಾಯಕನು ಗತಿಸಿದ ತರುವಾಯ, 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಸುಮಾರು 25 ವರ್ಷ ರಾಜ್ಯವನ್ನಾಳಿದ ವೀರಶೈವ ಮಹಿಳೆ ಆಕೆ. 1689ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರ ಕೈಗೆ ಸಿಕ್ಕದಂತೆ ಜಿಂಜಿಯತ್ತ ಹೋಗುತ್ತಿರಲು, ಆತನಿಗೆ ಆಶ್ರಯವಿತ್ತು ದಾಟಿಸಿದಳು. ಅದಕ್ಕಾಗಿ ಔರಂಗಜೇಬನ ಸೈನ್ಯವನ್ನು ಎದುರಿಸಬೇಕಾಗಿ ಬಂದಿತು. ಬಂದವನು ಆಕೆಯ ಕುಲದವನಲ್ಲ, ಮತದವನಲ್ಲ, ನುಡಿಯವನೂ ಅಲ್ಲ.

ಇಂತಹವಳ ಹೆಸರನ್ನು ಹೊತ್ತ ಊರಿನಲ್ಲಿ ಹೊಸಬನಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದೆಂಬುದು ನಿಮಗೆಲ್ಲ ತಿಳಿದೇ ಇದೆ: “ನೀವು ಯಾರ ಪೈಕಿ?” ಈ ಪ್ರಶ್ನೆಯಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳುವುದಿಲ್ಲ. ದಾರಿ ಮರೆತ ಮುದುಕನನ್ನು ಕೈಹಿಡಿದು ಮನೆ ಮುಟ್ಟಿಸುವುದೂ, ತಂದೆಯ ಮುಖ ನೋಡಿ ಮಗನಿಗೆ ಕಡ ಕೊಡುವುದೂ, ಸಾವಿನ ಮನೆಗೆ ಕರೆಯದೆಯೇ ಅಡಿಗೆ ಬರುವುದೂ ಈ ಗುರುತಿನಿಂದಲೇ. ದೊಡ್ಡ ನಗರಗಳಲ್ಲಿ ಇದು ದುರ್ಲಭ. ಆದರೆ ಇದೇ ಪ್ರಶ್ನೆಗೆ ಇನ್ನೊಂದು ಮೊನೆಯುಂಟು.

ನಾನು ಬಾಲಕನಾಗಿ ಪಾಠಶಾಲೆಗೆ ಸೇರಲು ಹೋದ ದಿನ, ತಗಡಿನ ಪೆಟ್ಟಿಗೆ ಹೊತ್ತು ಬಸ್ಸಿನಿಂದಿಳಿದು ಒಂದು ಅಂಗಡಿಯ ಮುಂದೆ ನಿಂತೆನು. “ಯಾರ ಪೈಕಿ, ತಮ್ಮಾ?” ಎಂದರು. “ಅಯ್ಯನವರ ಮನೆಯವನು” ಎಂದೆನು. ಒಡನೆಯೇ ಮಂಡಕ್ಕಿ ಬಂದಿತು, ಲೋಟದಲ್ಲಿ ನೀರು ಬಂದಿತು. ಅದೇ ಬಸ್ಸಿನಿಂದ ಇಳಿದ ನನ್ನ ವಯಸ್ಸಿನ ಇನ್ನೊಬ್ಬ ಹುಡುಗನು ತನ್ನ ಕೇರಿಯ ಹೆಸರು ಹೇಳಿದನು. ಅವನ ಬೊಗಸೆಗೆ ಮೇಲಿನಿಂದ ನೀರು ಹೊಯ್ದರು. ನಾನು ಅದನ್ನು ನೋಡಿದೆನು. ನೋಡುತ್ತ ಮಂಡಕ್ಕಿಯನ್ನು ತಿಂದು ಮುಗಿಸಿದೆನು. ಮುಂದೆ ಹತ್ತು ವರ್ಷ ಶಾಸ್ತ್ರವನ್ನೋದಿದೆನು, ಶರಣರ ವಚನಗಳನ್ನು ಕಂಠಸ್ಥ ಮಾಡಿದೆನು. ಆ ಬೊಗಸೆಯ ವಿಚಾರವನ್ನು ಸಭೆಯಲ್ಲಿ ಆಡುತ್ತಿರುವುದು ಇದೇ ಮೊದಲು.

ಇದೇ ತಾಲ್ಲೂಕಿನ ಸೂಳೆಕೆರೆಯನ್ನು ನೆನೆಯಿರಿ. ರಾಜಪುತ್ರಿ ಶಾಂತವ್ವೆ ಕಟ್ಟಿಸಿದಳೆಂದೂ, ಆ ನೆಲದಲ್ಲಿದ್ದ ಸೂಳೆಯರು ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಜಾಗ ಬಿಟ್ಟುಕೊಟ್ಟರೆಂದೂ ಐತಿಹ್ಯ. ಅದರ ಸಿದ್ಧ, ಬಸವ ಎಂಬ ಎರಡು ನಾಲೆಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಈಗ ಕೆಲವರು ನಾಚಿಕೊಂಡು ಶಾಂತಿಸಾಗರವೆನ್ನುತ್ತಾರೆ. ನನಗಾದರೋ ಹಳೆಯ ಹೆಸರೇ ಸರಿ; ಕೊಟ್ಟ ಮಾತು ಕೊಟ್ಟ ಮಾತೇ.

ಇನ್ನು ಅಡಿಕೆಯ ಮಾತು. ಚನ್ನಗಿರಿಯ ಇಂದಿನ ಐಶ್ವರ್ಯವೆಲ್ಲ ಅದರದೇ. ಕೊಯಿಲಿನ ತಿಂಗಳುಗಳಲ್ಲಿ ಖೇಣಿ ಹಿಡಿದವರ ಅಂಗಳದಲ್ಲಿ ರಾತ್ರಿಯೆಲ್ಲ ದೀಪವುರಿಯುತ್ತದೆ. ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಊರಿಗೆಲ್ಲ ಚೊಗರಿನ ವಾಸನೆ. (ಸುಲಿದ ಸಿಪ್ಪೆಯನ್ನು ರಸ್ತೆಯ ಬದಿಗೆ ಸುರಿದು ಬೆಂಕಿಯಿಡುವವರು ದಯವಿಟ್ಟು ಆ ಹೊಗೆ ಯಾರ ಮನೆಗೆ ಹೋಗುತ್ತದೆಂದು ನೋಡಬೇಕು.) ಅಲ್ಲಿ ಕುಳಿತು ಸುಲಿಯುವವರಲ್ಲಿ ಮಳೆ ಕಾಣದ ಸೀಮೆಗಳಿಂದ ಕೂಲಿಯನ್ನರಸಿ ಬಂದವರಿದ್ದಾರೆ. ಜಗಳೂರಿನ ಭಕ್ತರಿಗೆ ಬರಗಾಲವೆಂದರೇನೆಂದು ನಾನು ಹೇಳಬೇಕಾಗಿಲ್ಲ. ತಾಯಿ ಸುಲಿಯುತ್ತಿರುವಾಗ ಮಗು ಗೋಣಿಚೀಲದ ಮೇಲೆ ಮಲಗಿರುತ್ತದೆ. ಅವರು ಬಾಡಿಗೆಗೆ ಮನೆ ಕೇಳಿದರೆ ಮತ್ತೆ ಅದೇ ಪ್ರಶ್ನೆ.

ಬಂದವನ ಕುಲವನ್ನು ವಿಚಾರಿಸಲಾಗದೆಂಬುದು ಬಸವಾದಿ ಶರಣರ ಕಟ್ಟಳೆ. ಅದನ್ನು ಈ ಮಠದ ಭಕ್ತರಿಗೆ ಬೋಧಿಸಲು ನಾನು ನಿಂತಿಲ್ಲ. ಸನ್ನಿಧಾನದಲ್ಲಿ ಒಂದು ಬಿನ್ನಹ ಮಾತ್ರ. ಬರುವ ಕೊಯಿಲಿನಿಂದ ಆ ಕೂಲಿಕಾರರ ಮಕ್ಕಳಿಗೆ ದಾಸೋಹದಲ್ಲಿ, ಪಾಠಶಾಲೆಯ ವಟುಗಳ ಪಂಕ್ತಿಯಲ್ಲಿಯೇ ಎಲೆ ಹಾಕಿಸಬೇಕು. ಹಗಲು ಅವರನ್ನು ಕೂಡಿಸಿ ಅಕ್ಷರ ಕಲಿಸಬೇಕು. ಕಲಿಸುವ ಕೆಲಸಕ್ಕೆ ನಾನೊಬ್ಬನು ಸಿದ್ಧನಿದ್ದೇನೆ. ಹೆಸರು ಬರೆದುಕೊಳ್ಳುವಾಗ ಮಗುವಿನ ಹೆಸರು, ತಾಯಿಯ ಹೆಸರು, ಇವೆರಡನ್ನೇ ಬರೆದುಕೊಳ್ಳೋಣ.