ಸಣ್ಣ ಎಂಜಿನಿಗೆ ಎರಡನೆಯ ಟರ್ಬೋ

ಬಬಲೇಶ್ವರದ ನಮ್ಮ ಬಳಗದ ತರುಣನೊಬ್ಬ ಮೊನ್ನೆ ವಿಜಯಪುರದ ನಮ್ಮ ಮನೆಗೆ ಬಂದಿದ್ದ. "ಕಾಕಾ, ನನ್ನ ಸಣ್ಣ ಕಾರಿಗೆ ಇನ್ನೊಂದು ಟರ್ಬೋ ಕೂಡಿಸಬೇಕಂತೀನಿ. ಒಂದಕ್ಕ ಇಷ್ಟು ಜೋರಿದ್ದರ, ಎರಡಕ್ಕ ಎಷ್ಟಾದೀತು?" ಎಂದು ಕೇಳಿದ. ಈ ವರ್ಷದ ದ್ರಾಕ್ಷಿಯ ದುಡ್ಡಿನಲ್ಲೊಂದು ಪಾಲು ಅದಕ್ಕೆಂದೇ ಎತ್ತಿಟ್ಟಿದ್ದ. ನಿಮ್ಮ ಮನೆಯಲ್ಲಿಯೂ ಇಂಥ ಉತ್ಸಾಹಿಗಳು ಇದ್ದಾರು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಎಂಜಿನು ಹೊರಗೆ ಬಿಡುವ ಬಿಸಿ ಹೊಗೆಯು ಟರ್ಬೋದ ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರವು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದ.

ಈಗ ಲೆಕ್ಕ ನೋಡೋಣ. 1 ಲೀಟರಿನ ಎಂಜಿನು ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ನಿಮಿಷಕ್ಕೆ 5000 ಸುತ್ತಾದರೆ 2500 ಲೀಟರ್. ಸಿಲಿಂಡರು ಪೂರ್ತಿ ತುಂಬದ್ದರಿಂದ ಶೇಕಡಾ 85 ಎಂದು ಹಿಡಿದರೆ 2125. ಒತ್ತಡವನ್ನು ಹೊರಗಿನ ಗಾಳಿಯ 1.6 ಪಟ್ಟು ಮಾಡಿ ಚೆನ್ನಾಗಿ ತಣಿಸಿದರೆ, ಬೇಕಾಗುವ ಹೊರಗಿನ ಗಾಳಿ ಸುಮಾರು 3400 ಲೀಟರ್. ಟರ್ಬೋದ ಗಾತ್ರ ನಿರ್ಣಯವಾಗುವುದು ಈ ಅಂಕಿಯಿಂದ.

ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಮೇಲೇರಿದ್ದನ್ನು ಕಂಡ ತಿಕೋಟಾ, ಬಬಲೇಶ್ವರದವರಿಗೆ ಪಂಪಿನ ಲೆಕ್ಕ ಹೊಸದಲ್ಲ. ಪಕ್ಕಪಕ್ಕದಲ್ಲಿಟ್ಟ ಪಂಪುಗಳಿಂದ ನೀರು ಹೆಚ್ಚುತ್ತದೆ, ಒಂದರ ಮುಂದೊಂದು ಇಟ್ಟರೆ ಎತ್ತರ ಹೆಚ್ಚುತ್ತದೆ. ಟರ್ಬೋದ ಮಾತೂ ಹೀಗೆಯೇ.

ಪಕ್ಕಪಕ್ಕದಲ್ಲಿಟ್ಟರೆ ಪ್ರತಿಯೊಂದಕ್ಕೂ 1700 ಲೀಟರ್ ಮಾತ್ರ ಪಾಲು, ಹೊಗೆಯೂ ಅರ್ಧ. ಆದ್ದರಿಂದ ಎರಡೂ ಮೊದಲಿನದಕ್ಕಿಂತ ಸಣ್ಣವಿರಬೇಕು. ಅದೇ ಗಾತ್ರದ ಇನ್ನೊಂದನ್ನು ತಂದು ಜೋಡಿಸಿದರೆ ಎರಡೂ ತಡವಾಗಿ ಎಚ್ಚರಗೊಳ್ಳುತ್ತವೆ. ಗಾಳಿ ಸಾಲದೆ ಹಿಂದಕ್ಕೆ ಬಡಿದು ಚಕ್ರ ಅದುರಲೂಬಹುದು. ಮೇಲಾಗಿ, ಈಗಿನ ಅನೇಕ ಸಣ್ಣ ಎಂಜಿನುಗಳಿಗೆ ಮೂರೇ ಸಿಲಿಂಡರು. ಮೂರನ್ನು ಎರಡು ಟರ್ಬೋಗಳಿಗೆ ಸಮನಾಗಿ ಹಂಚುವುದು ಹೇಗೆ?

ಒಂದರ ಮುಂದೊಂದು ಇಟ್ಟರೆ ಒತ್ತಡಗಳು ಕೂಡುವುದಿಲ್ಲ, ಗುಣಿಸುತ್ತವೆ. ಒಂದೂವರೆಗೆ ಒಂದೂವರೆ ಎಂದರೆ ಎರಡೂಕಾಲು ಪಟ್ಟು. ಒತ್ತಿದ ಗಾಳಿ ಕಾಯುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿಯ ಗಾಳಿಯಂತೂ ಮೊದಲೇ ಕಾದದ್ದು. ಆಗ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನು ಒಡೆಯುತ್ತದೆ. ಪಿಸ್ಟನ್ನು, ಇಂಧನದ ಇಂಜೆಕ್ಟರು, ಕೂಲರು, ಕ್ಲಚ್ಚು, ಬ್ರೇಕು, ಇವೆಲ್ಲವನ್ನೂ ಬದಲಿಸದೆ ಗತಿಯಿಲ್ಲ. ನೋಂದಣಿಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಅಡ್ಡಿಯೂ ಇದೆ.

"ಹಂಗಾದರ ಬ್ಯಾಡೇನ್ರಿ ಕಾಕಾ?" ಎಂದ. "ಲೆಕ್ಕ ಕಲಿ, ಬಿಡಬ್ಯಾಡ. ಆದರ ಈ ಕಾರಿನ್ಯಾಗ ನಿಮ್ಮವ್ವ ಕೂಡತಾಳ," ಎಂದೆ. ಅಂಕಿಗಳ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. ದ್ರಾಕ್ಷಿಯ ದುಡ್ಡು ಸದ್ಯಕ್ಕೆ ಇದ್ದಲ್ಲಿಯೇ ಇದೆ.