ಹೊಳೆ ಏರುವ ಮುನ್ನ ಮನೆ ಬಿಡುವ ಸಿದ್ಧತೆ



ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಊರುಗಳಿಗೆ ಮಹಾಪೂರ ಹೊಸತಲ್ಲ. 2005, 2019 ಮತ್ತು 2021ರಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಕುಟುಂಬಗಳು ಊರು ಬಿಡಬೇಕಾಯಿತು. ಈ ಭಾಗದ ರೈತರಿಗೆ ಹೊಳೆಯ ಸ್ವಭಾವ ಚೆನ್ನಾಗಿ ಗೊತ್ತು. ಆದರೂ ಪ್ರತಿ ಸಲ ಕೆಲವು ಮನೆಯವರು ನೀರಿನ ನಡುವೆ ಸಿಕ್ಕಿಕೊಳ್ಳುತ್ತಾರೆ. "ನೀರು ಅಗಸಿಗೆ ಬರಲಿ, ಆಮೇಲೆ ನೋಡೋಣ" ಎಂದು ಕಾಯುವುದೇ ಇದಕ್ಕೆ ಕಾರಣ. ಅಷ್ಟರಲ್ಲಿ ಹೊಳೆಯ ನೀರು ಊರ ಹೊರಗಿನ ಹಳ್ಳಕ್ಕೆ ಹಿಮ್ಮುಖವಾಗಿ ಏರಿ, ತಗ್ಗಿನ ಸೇತುವೆ ಮುಳುಗಿ, ದಾರಿ ಕಡಿದುಹೋಗಿರುತ್ತದೆ. ಬಹಳ ಕಡೆ ಮನೆಗಿಂತ ಮೊದಲು ಮುಳುಗುವುದು ದಾರಿ. ಆದ್ದರಿಂದ ಹೊರಡುವ ಗುರುತನ್ನು ಹೊಸ್ತಿಲಲ್ಲಿ ಇಡದೆ ದಾರಿಯಲ್ಲಿ ಇಡಬೇಕು.

ರೋಹಿಣಿ ಮಳೆಯ ಸುಮಾರಿಗೆ ಮನೆಯವರೆಲ್ಲ ಒಂದು ಸಂಜೆ ಕುಳಿತು ಈ ಗುರುತನ್ನು ಗೊತ್ತುಮಾಡಬೇಕು. ಹೊರಹೋಗುವ ದಾರಿಯಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗ ಯಾವುದು, ಅಲ್ಲಿಗೆ ನೀರು ಮುಟ್ಟುವ ಮೊದಲು ನದಿ ಕಡೆಯ ಯಾವ ಮೆಟ್ಟಿಲು, ಯಾವ ಗಿಡದ ಬುಡ ಮುಳುಗುತ್ತದೆ ಎಂಬುದನ್ನು ಊರಿನ ಹಿರಿಯರು ಹೇಳಬಲ್ಲರು. ಅದಕ್ಕೆ ಬಣ್ಣ ಬಳಿದಿಟ್ಟರೆ ಮಕ್ಕಳೂ ನೋಡಿ ಬಂದು ತಿಳಿಸುತ್ತಾರೆ.

ರೇಡಿಯೋದಲ್ಲಿ ಕ್ಯೂಸೆಕ್ ಲೆಕ್ಕ ಹೇಳುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 1 ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಇಷ್ಟು ಕೇಳಿದರೆ ತಮ್ಮ ಊರಿಗೇನಾಗುತ್ತದೆ ಎಂಬುದು ಯಾರಿಗೂ ತಿಳಿಯದು. ಹಿಂದಿನ ಮಹಾಪೂರದಲ್ಲಿ ಎಷ್ಟು ಕ್ಯೂಸೆಕ್ ಇದ್ದಾಗ ಸೇತುವೆ ಮುಳುಗಿತು, ಎಷ್ಟಾದಾಗ ನೀರು ಊರೊಳಗೆ ಬಂತು ಎಂಬುದನ್ನು ಪಂಚಾಯಿತಿಯಲ್ಲಿ ವಿಚಾರಿಸಿ ಗೋಡೆಯ ಮೇಲೆ ಬರೆದಿಟ್ಟರೆ ಆ ಅಂಕಿಗೆ ಅರ್ಥ ಬರುತ್ತದೆ. ಎರಡೂ ಸಲದ ಅಂಕಿ ಒಂದೇ ಅಣೆಕಟ್ಟಿನದು ಅಥವಾ ಒಂದೇ ಬ್ಯಾರೇಜಿನದು ಆಗಿರಬೇಕು. ಕೊಯ್ನಾ ಜಲಾಶಯದಿಂದ ಬಿಟ್ಟ ನೀರು ನಮ್ಮ ಗಡಿಗೆ ಬರಲು ಹೊತ್ತು ಹಿಡಿಯುತ್ತದೆ. ಮನೆ ಖಾಲಿ ಮಾಡಲು ಸಿಗುವ ಅವಧಿ ಅದೇ.

ಹೊರಡಲು ತಡವಾಗುವುದು ಹೆಚ್ಚಾಗಿ ದನಕರುಗಳಿಂದ. ಎರಡು ಎತ್ತು, ಮೂರು ಎಮ್ಮೆ ಇರುವ ಮನೆಯವರು ಅವನ್ನು ಬಿಟ್ಟು ಕಾಳಜಿ ಕೇಂದ್ರಕ್ಕೆ ಬರಲು ಒಪ್ಪದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಬದುಕನ್ನೇ ಬಿಟ್ಟು ಯಾರು ಬಂದಾರು? ಆದ್ದರಿಂದ ಸಿದ್ಧತೆ ಕೊಟ್ಟಿಗೆಯಿಂದಲೇ ಆರಂಭವಾಗಬೇಕು. ಎತ್ತರದ ಊರಿನ ಬೀಗರ ಹಿತ್ತಿಲೋ ಗೆಳೆಯರ ಹೊಲವೋ ಒಂದನ್ನು ಬೇಸಗೆಯಲ್ಲೇ ಮಾತಾಡಿಕೊಂಡು, ಅಲ್ಲಿ ಎಂಟು ಹತ್ತು ದಿನಕ್ಕಾಗುವಷ್ಟು ಕಣಿಕೆ ಒಟ್ಟಿಡಬೇಕು. ಗಬ್ಬದ ಎಮ್ಮೆ, ಎಳೆಗರುಗಳನ್ನು ಎಲ್ಲರಿಗಿಂತ ಮೊದಲು, ಹಗಲು ಹೊತ್ತಿನಲ್ಲಿ ಸಾಗಿಸುವುದು ಲೇಸು. ನಾಲ್ಕೂರಿನ ದನ ಒಂದೆಡೆ ಸೇರಿದಾಗ ರೋಗ ಹರಡುವುದು ಸುಲಭ. ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಿರಬೇಕು. ನೀರು ಬಂದ ಮೇಲೆ ಹಾಕಿಸಿದರೆ ತಕ್ಷಣ ರಕ್ಷಣೆ ಸಿಗದು. ಸಾಗಿಸಲು ಸಾಧ್ಯವೇ ಆಗದಿದ್ದರೆ ಹಗ್ಗ ಬಿಚ್ಚಿ ಬಿಡಬೇಕು. ಎಮ್ಮೆ ಈಜಿ ಬದುಕೀತು, ಆದರೆ ಗೂಟಕ್ಕೆ ಕಟ್ಟಿದ ಎಮ್ಮೆ ಈಜಲಾರದು.

ನದಿ ದಂಡೆಯ ಪಂಪ್‌ಸೆಟ್ಟಿನ ವಿಷಯ ಇನ್ನೂ ಕಠಿಣ. ಮೋಟಾರು ಎತ್ತಲು ಕೊನೆಯ ಗಳಿಗೆಯಲ್ಲಿ ಇಳಿಯುವವರು ಪ್ರಾಣವನ್ನೇ ಪಣಕ್ಕಿಡುತ್ತಾರೆ. ಹೊಳೆ ಏರತೊಡಗಿದ ಮೊದಲ ದಿನವೇ, ವಿದ್ಯುತ್ ಸಂಪರ್ಕ ತಪ್ಪಿಸಿ, ನಾಲ್ಕು ಜನ ಸೇರಿ ಎತ್ತಬೇಕು. ಅಂದು ಆಗದಿದ್ದರೆ ಅದರ ಆಸೆ ಬಿಡಬೇಕು.

ಉಳಿದದ್ದು ಅಷ್ಟು ಕಷ್ಟವಲ್ಲ. ಪಹಣಿ, ಪಡಿತರ ಚೀಟಿ, ಆಧಾರ್, ಪಾಸ್‌ಬುಕ್, ದನಗಳ ಕಿವಿಯೋಲೆಯ ನಂಬರು, ನಿತ್ಯದ ಗುಳಿಗೆಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಅದನ್ನು ಹೊರುವವರು ಯಾರೆಂಬುದೂ ಗೊತ್ತಿರಲಿ. ಮುದುಕರು, ಬಸುರಿಯರು, ಮಕ್ಕಳು ಹಿಂದಿನ ದಿನವೇ ನೆಂಟರ ಮನೆ ಸೇರಲಿ. ಕಳ್ಳರ ಭಯದಿಂದ ಮನೆ ಕಾಯಲು ಒಬ್ಬರನ್ನು ಬಿಟ್ಟುಹೋಗುವ ರೂಢಿಯುಂಟು. ಮಾಳಿಗೆಯ ಮೇಲೆ ಉಳಿದ ಆ ಒಬ್ಬನನ್ನು ಕರೆತರಲು ಕತ್ತಲಲ್ಲಿ ದೋಣಿ ಬರಬೇಕಾಗುತ್ತದೆ. ಬಂಗಾರ, ರೊಕ್ಕ ಮೊದಲೇ ಹೊರಗೆ ಹೋದರೆ ಕಾಯಲು ಉಳಿಯುವುದು ಪಾತ್ರೆ ಪಡಗ ಮಾತ್ರ.

ಇಷ್ಟೆಲ್ಲ ಮುನ್ಸೂಚನೆ ಇರುವ ಮಹಾಪೂರದ ಮಾತಾಯಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಹಸ್ತ ಮಳೆ ಸುರಿದು 200ಕ್ಕೂ ಹೆಚ್ಚು ಜನ ಸತ್ತದ್ದು ಬೇರೆ ರೀತಿಯದು. ಅಲ್ಲಿ ಮಳೆಯೇ ನೇರವಾಗಿ ಊರ ಮೇಲೆ ಬಿತ್ತು, ನೆನೆದ ಮಣ್ಣಿನ ಗೋಡೆಗಳು ಕುಸಿದವು. ಅಂಥ ರಾತ್ರಿಗೆ ದೂರದ ಊರು ಉಪಯೋಗವಿಲ್ಲ. ಹಳ್ಳ ದಾಟದೆ ಕಾಲ್ನಡಿಗೆಯಲ್ಲೇ ಮುಟ್ಟಬಹುದಾದ ಎತ್ತರದ ಗಟ್ಟಿ ಕಟ್ಟಡ, ಶಾಲೆಯೋ ಗುಡಿಯೋ, ಯಾವುದೆಂದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಅದರ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಕೇಳಿಟ್ಟುಕೊಳ್ಳಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸಹಾಯದ 112, ನೆಂಟರ ನಂಬರು, ಇವನ್ನು ಕಾಗದದಲ್ಲಿ ಬರೆದು ಅದೇ ಚೀಲದಲ್ಲಿಡಬೇಕು. ಕರೆಂಟು ಹೋದ ಎರಡನೆಯ ದಿನ ಮೊಬೈಲೂ ಸುಮ್ಮನಾಗಿರುತ್ತದೆ.